ಎದುರು ರಸ್ತೆ, ಹಿಂದೆ ಹೊಳೆ: ಹಳೆ ಬಂದರು ಪೇಟೆಯ ಮನೆಗೆ ಪರವಾನಗಿ ಪಡೆದದ್ದು

ಕುಂಬಳೆ ಮತ್ತು ಕಾಸರಗೋಡಿನ ನಡುವೆ ಒಂದು ಹಳೆ ಬಂದರು ಪೇಟೆಯಲ್ಲಿ ನಮ್ಮ ಅಮ್ಮನ ಕಡೆಯ ಮನೆ ಇದೆ. ರಸ್ತೆಗೆ ತಾಗಿ ಜಗಲಿ, ಒಳಗೆ ಅಂಗಡಿ ಕೋಣೆ, ಅದರ ಹಿಂದೆ ಗೋದಾಮು, ಮೇಲೆ ಉಪ್ಪರಿಗೆ. ಹಿತ್ತಿಲಲ್ಲಿ ಬಾವಿ, ಕೆಲವು ತೆಂಗಿನ ಮರ, ಆಮೇಲೆ ಹೊಳೆ. ಒಂದು ಮಳೆಗಾಲದಲ್ಲಿ ಹಿಂದಿನ ಅಡುಗೆಮನೆ ಕುಸಿಯಿತು. ಎದುರಿನ ಗೋಡೆಯೂ ಹೊರಕ್ಕೆ ಬಾಗತೊಡಗಿತು. ಕೇಳಿದವರೆಲ್ಲ ಹೇಳಿದ್ದು ಒಂದೇ: ಪೂರ್ತಿ ತೆಗೆದು ಹೊಸದು ಕಟ್ಟಿಸಿ, ಅದೇ ಸುಲಭ. ನಮಗೆ ಅದು ಬೇಡವಾಗಿತ್ತು. ಉಳಿಸಿ ರಿಪೇರಿ ಮಾಡುವುದು ಅಂತ ತೀರ್ಮಾನಿಸಿದೆವು. ಅದಕ್ಕೆ ಬೇಕಾದ ಕಾಗದಪತ್ರದ ದಾರಿ ಹೇಗಿತ್ತು ಅನ್ನುವುದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ಇಂಥ ಮನೆ ಇರುವವರು ನಮ್ಮ ಕಡೆ ಇನ್ನೂ ಇದ್ದಾರೆ, ಹೆಚ್ಚಿನವರು ಅರ್ಧ ದಾರಿಯಲ್ಲೇ ಕೈಬಿಟ್ಟು ಜೆಸಿಬಿ ತರಿಸುತ್ತಾರೆ.

ಮೊದಲು ಒಬ್ಬ ಲೈಸೆನ್ಸ್ ಇರುವ ಎಂಜಿನಿಯರ್ ಬೇಕು. ಪ್ಲಾನ್ ಮಾಡಿ ಸಹಿ ಹಾಕುವವರು ಅವರೇ. ನಮಗೆ ಸಿಕ್ಕಿದವರು ಕೆಲವು ವರ್ಷ ಕೊಚ್ಚಿಯಲ್ಲಿ ಕೆಲಸ ಮಾಡಿದವರು. ಅವರು ಬಂದು ಮನೆಯ ಒಳಗೆ ಹೋಗುವ ಮೊದಲು ರಸ್ತೆಯಲ್ಲಿ ನಿಂತು ಜಗಲಿ ನೋಡಿದರು, ಮತ್ತೆ ಸುತ್ತು ಹಾಕಿ ಹಿತ್ತಿಲಿಗೆ ಹೋಗಿ ಹೊಳೆ ನೋಡಿದರು. "ನಿಮ್ಮ ಮನೆಗೆ ಎದುರಿನಿಂದ ಒಂದು ಕಾನೂನು, ಹಿಂದಿನಿಂದ ಒಂದು ಕಾನೂನು. ನಡುವೆ ಮನೆ" ಅಂದರು. ನಡುವೆಯೂ ಒಂದು ಕಾನೂನು ಇತ್ತು ಅಂತ ಗೊತ್ತಾದದ್ದು ಆಮೇಲೆ.

ಎದುರಿನದ್ದು ಹೇಳುತ್ತೇನೆ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 220ನೇ ಸೆಕ್ಷನ್ ಪ್ರಕಾರ ಹೆದ್ದಾರಿ, ಜಿಲ್ಲಾ ರಸ್ತೆ, ಪಂಚಾಯತ್ ಅಧಿಸೂಚನೆ ಮಾಡಿದ ರಸ್ತೆ, ಇವುಗಳ ಅಂಚಿನಿಂದ 3 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಹೊಸ ಬಡಾವಣೆಗೆ ಇದು ಒಳ್ಳೆಯ ನಿಯಮ. ರಸ್ತೆ ಅಗಲ ಮಾಡಲು ಜಾಗ ಬೇಕು, ಗಾಳಿ ಬೆಳಕು ಬೇಕು. ಆದರೆ ಬಂದರು ಪೇಟೆಯ ಮನೆಗಳು ಹುಟ್ಟಿದ್ದೇ ರಸ್ತೆಯ ಅಂಚಿನಲ್ಲಿ. ಎತ್ತಿನಗಾಡಿ ಜಗಲಿಗೆ ತಾಗಿ ನಿಲ್ಲಬೇಕು, ಮೂಟೆ ನೇರ ಒಳಗೆ ಹೋಗಬೇಕು, ಹಿಂದಿನ ಬಾಗಿಲಿನಿಂದ ಹೊಳೆಯ ಕಡವಿಗೆ ಇಳಿಯಬೇಕು, ಅಲ್ಲಿ ಮಂಜಿ, ಅಂದರೆ ಸರಕಿನ ದೋಣಿ, ಕಾಯುತ್ತಿರುತ್ತದೆ. ಆ ಲೆಕ್ಕದಲ್ಲೇ ಮನೆ ಉದ್ದಕ್ಕೆ, ಅಗಲ ಕಡಿಮೆ. ಆ ಎದುರಿನ ಗೋಡೆಯನ್ನು ಕೆಡವಿ ಕಟ್ಟಿದರೆ ಅದು ಹೊಸ ನಿರ್ಮಾಣ ಆಗುತ್ತದೆ. ಆಗ ಗೋಡೆ 3 ಮೀಟರ್ ಹಿಂದೆ ಸರಿಯಬೇಕು. ಅಂದರೆ ಜಗಲಿ ಹೋಯಿತು, ಅಂಗಡಿ ಕೋಣೆಯ ದೊಡ್ಡ ಭಾಗ ಹೋಯಿತು, ಅದರ ಮೇಲೆ ನಿಂತ ಉಪ್ಪರಿಗೆಯೂ ಹೋಯಿತು.

ರಿಪೇರಿಗೆ ಹಾಗಿಲ್ಲ. 2019ರ ಕೇರಳ ಪಂಚಾಯತ್ ಕಟ್ಟಡ ನಿಯಮದಲ್ಲಿ ಪರವಾನಗಿಯೇ ಬೇಡದ ಕೆಲಸಗಳು ಅಂತ ಒಂದು ಪಟ್ಟಿ ಇದೆ. ಬಣ್ಣ, ಗಾರೆ, ಇಳಿಜಾರು ಮಾಡಿನ (ಛಾವಣಿಯ) ಸಣ್ಣಪುಟ್ಟ ರಿಪೇರಿ ಎಲ್ಲ ಅದರಲ್ಲಿ ಬರುತ್ತವೆ. ಹಾಗಾಗಿ ಎಂಜಿನಿಯರ್ ಮತ್ತು ಮೇಸ್ತ್ರಿ ಕೂತು ಒಂದು ಉಪಾಯ ಮಾಡಿದರು. ಗೋಡೆಯನ್ನು ಕೆಡವುವುದಿಲ್ಲ. ಮಾಡಿಗೂ ಉಪ್ಪರಿಗೆಯ ತೊಲೆಗಳಿಗೂ ತಾಂಗು ಕೊಟ್ಟು, ಗೋಡೆಯನ್ನು ಒಂದೊಂದು ಗಜದಷ್ಟು ಬಿಡಿಸಿ, ಕರಗಿದ ಮುರಕಲ್ಲು (ಜಂಬಿಟ್ಟಿಗೆ) ತೆಗೆದು ಹೊಸ ಕಲ್ಲು ಕೂರಿಸಿ, ಅದು ಗಟ್ಟಿಯಾದ ಮೇಲೆ ಪಕ್ಕದ ಗಜಕ್ಕೆ ಹೋಗುವುದು. ನಿಧಾನ, ಖರ್ಚೂ ಜಾಸ್ತಿ. ಆದರೆ ಯಾವ ಹೊತ್ತಿನಲ್ಲೂ ಗೋಡೆ ಅಲ್ಲಿ ನಿಂತೇ ಇರುತ್ತದೆ. ಮೇಸ್ತ್ರಿ ಸಿಮೆಂಟ್ ಬೇಡ ಅಂದರು. ಮರುವಾಯಿ ಚಿಪ್ಪಿನ ಸುಣ್ಣ ತರಿಸಿದರು. ಹಳೆ ಮುರಕಲ್ಲಿನ ಗೋಡೆ ನೀರು ಕುಡಿದು ಬಿಡುತ್ತದೆ, ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಕಲ್ಲು ಪುಡಿಯಾಗುತ್ತದೆ.

ಇಷ್ಟು ನೋಡಿದ ಮೇಲೆ ಪೇಟೆಯ ಬೇರೆ ಮನೆಗಳನ್ನು ನಾನು ನೋಡುವ ರೀತಿಯೇ ಬದಲಾಯಿತು. ಪಕ್ಕದ ಬೀದಿಯಲ್ಲಿ ಎಷ್ಟೋ ಹೊಸ ಮನೆಗಳು ಒಂದೇ ಅಳತೆಯವು. ಯಾಕೆ ಅಂತ ಎಂಜಿನಿಯರ್ ಹೇಳಿದರು. ಕೇರಳದಲ್ಲಿ 278.7 ಚದರ ಮೀಟರಿಗಿಂತ, ಅಂದರೆ 3,000 ಚದರ ಅಡಿಗಿಂತ, ದೊಡ್ಡ ಮನೆಗೆ ಪ್ರತಿ ವರ್ಷ ಐಷಾರಾಮಿ ತೆರಿಗೆ ಇದೆ. 1999ರ ಏಪ್ರಿಲ್ ನಂತರ ಕಟ್ಟಿದ ಮನೆಗಳಿಗೆ ಅದು ಅನ್ವಯ. ದುಬೈಯಿಂದ ದುಡ್ಡು ತಂದವರೂ ಆ ಗೆರೆಯ ಹತ್ತಿರ ಬಂದು ಪ್ಲಾನ್ ನಿಲ್ಲಿಸುತ್ತಾರೆ. ನಮ್ಮ ಊರಿನವರ ರುಚಿ ಅಂತ ನಾವು ಅಂದುಕೊಂಡದ್ದರಲ್ಲಿ ತೆರಿಗೆಯ ಪಾಲೂ ಇದೆ.

ಇನ್ನು ಹಿಂದಿನ ಕಾನೂನು. ಕುಸಿದ ಅಡುಗೆಮನೆಯನ್ನು ಅದೇ ಪಂಚಾಂಗದ (ಅಡಿಪಾಯದ) ಮೇಲೆ ಮತ್ತೆ ಕಟ್ಟಬೇಕು, ಜೊತೆಗೆ ಒಂದು ಟಾಯ್ಲೆಟ್ ಸೇರಿಸಬೇಕು. ಇದಕ್ಕೆ ಪರವಾನಗಿ ಬೇಕೇ ಬೇಕು. ಅರ್ಜಿ ಹಾಕಿದ ಕೂಡಲೇ ಬಂದ ಪ್ರಶ್ನೆ: ಹೊಳೆ ಎಷ್ಟು ದೂರ?

ಕರಾವಳಿ ನಿಯಂತ್ರಣ ವಲಯದ ನಿಯಮ ಮೊದಲು ಬಂದದ್ದು 1991ರ ಫೆಬ್ರವರಿಯಲ್ಲಿ. ಆಮೇಲೆ 2011ರಲ್ಲಿ ಒಂದು, 2019ರಲ್ಲಿ ಇನ್ನೊಂದು. ಇದು ಸಮುದ್ರಕ್ಕೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಭರತ ಇಳಿತ ಇರುವ ಹೊಳೆಗೂ ಇದೆ. ಅಳಿವೆಯಿಂದ ಎಷ್ಟು ಒಳಗಿನ ತನಕ ಅಂದರೆ, ಕಡು ಬೇಸಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರುವ ತನಕ. ನಮ್ಮ ಹೊಳೆಯ ನೀರು ಏಪ್ರಿಲ್‌ನಲ್ಲಿ ಬಾಯಿಗೆ ಹಾಕಿದರೆ ಸಮುದ್ರದ್ದೇ. 2011ರ ನಿಯಮದಲ್ಲಿ ನಮ್ಮಂಥ ಗ್ರಾಮ ಪ್ರದೇಶದಲ್ಲಿ ಭರತದ ಗೆರೆಯಿಂದ 100 ಮೀಟರ್, ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗದಲ್ಲಿ ಹೊಸ ಕಟ್ಟಡ ಇಲ್ಲ. ಅಳಿವೆಯ ಹತ್ತಿರ ನಮ್ಮ ಹೊಳೆ ಅಗಲವಾಗಿಯೇ ಇದೆ. ನಮ್ಮ ಹಿಂದಿನ ಗೋಡೆ ಆ ಗೆರೆಯಿಂದ ಸುಮಾರು 60 ಮೀಟರ್. ಅಲ್ಲಿಗೆ ಕಡತ ನಿಂತಿತು.

ಕಚೇರಿಯಲ್ಲಿ ಯಾರೂ ನಮ್ಮ ಹತ್ತಿರ ಕೆಟ್ಟದಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಸಹಿ ಹಾಕುವುದಕ್ಕೆ ಎಲ್ಲರಿಗೂ ಹೆದರಿಕೆ. ಕೊಚ್ಚಿ ಹತ್ತಿರದ ಮರಡಿನಲ್ಲಿ ಸುಪ್ರೀಂ ಕೋರ್ಟಿನ 2019ರ ಆದೇಶದಂತೆ ದೊಡ್ಡ ಫ್ಲ್ಯಾಟ್‌ಗಳನ್ನು 2020ರ ಜನವರಿ 11 ಮತ್ತು 12ರಂದು ಸ್ಫೋಟಿಸಿ ಕೆಡವಿದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದಾರೆ. ಅಲ್ಲಿ ಪರವಾನಗಿ ಕೊಟ್ಟದ್ದೂ ಒಂದು ಪಂಚಾಯತೇ. ಅದಾದ ಮೇಲೆ ನೀರಿನ ಬದಿಯ ಕಡತ ಅಂದರೆ, ಅದು ಬಹುಮಹಡಿ ಫ್ಲ್ಯಾಟ್ ಆಗಲಿ ನಮ್ಮ ಅಡುಗೆಮನೆ ಆಗಲಿ, ಒಂದೇ ರೀತಿ ನೋಡುತ್ತಾರೆ. ಕಾನೂನಿನ ಉದ್ದೇಶ ನನಗೆ ಒಪ್ಪಿಗೆ ಇದೆ. ಹೊಳೆಗೆ ಮಣ್ಣು ಹಾಕಿ ರೆಸಾರ್ಟ್ ಕಟ್ಟುವವರನ್ನು ತಡೆಯಲೇಬೇಕು. ಆದರೆ ಮನೆಯವರು ದಿನಾ ಅನ್ನ ಮಾಡುತ್ತಿದ್ದ ಅಡುಗೆಮನೆಗೂ ಅದೇ ತಕ್ಕಡಿ ಆಗಬಾರದು ಅಲ್ವಾ?

ನಿಯಮದಲ್ಲೇ ಒಂದು ಬಾಗಿಲು ಇತ್ತು. ಮೊದಲೇ ಇದ್ದ, ಅಧಿಕೃತ ಕಟ್ಟಡವನ್ನು ಇದ್ದ ಪಂಚಾಂಗದ ಅಳತೆ ಮೀರದೆ ರಿಪೇರಿ ಮಾಡಬಹುದು, ಪುನಃ ಕಟ್ಟಬಹುದು. ಇಲ್ಲಿ 'ಅಧಿಕೃತ' ಅನ್ನುವುದಕ್ಕೆ ದಾಖಲೆ ಬೇಕು. ನಮ್ಮ ಮನೆ ಕಟ್ಟಿದ್ದು ಬ್ರಿಟಿಷರ ಕಾಲದಲ್ಲಿ, ಮದ್ರಾಸ್ ಪ್ರಾಂತ್ಯದಲ್ಲಿ. ಆಗ ಪ್ಲಾನ್ ಎಲ್ಲಿ, ಪರವಾನಗಿ ಎಲ್ಲಿ?

ಹಾಗೆ ಮನೆಯ ಆಧಾರಕ್ಕಾಗಿ, ಅಂದರೆ ಹಳೆ ಆಸ್ತಿ ಪತ್ರಕ್ಕಾಗಿ, ಹಳೆ ಪೆಟ್ಟಿಗೆ ಹುಡುಕಲು ಶುರು ಮಾಡಿದೆವು. ದೊಡ್ಡಮಾವನಿಗೆ ಎಂಬತ್ತು ದಾಟಿದೆ. "ಮಾವ, ಹಳೆ ಆಧಾರ ನಿಮ್ಮ ಹತ್ತಿರ ಉಂಟಾ?" ಅಂತ ಕೇಳಿದೆ. "ಉಂಟು. ಆದರೆ ಅದರಲ್ಲಿ ಮನೆಯ ವಿಷಯ ಎಷ್ಟು ಉಂಟು ಅಂತ ಗೊತ್ತಿಲ್ಲ, ತೆಗೆದು ನೋಡು" ಅಂದರು. ಕೆಳಗಿನ ಪೆಟ್ಟಿಗೆಯಲ್ಲಿ 1936ರ ಒಂದು ಆಧಾರ ಸಿಕ್ಕಿತು, ಪೂರ್ತಿ ಕನ್ನಡದಲ್ಲಿ. ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು. ಚೆಕ್‌ಬಂದಿ ಸ್ಪಷ್ಟವಾಗಿ ಬರೆದಿದ್ದರು. ಪೂರ್ವಕ್ಕೆ ಪೇಟೆ ರಸ್ತೆ, ಪಶ್ಚಿಮಕ್ಕೆ ಹೊಳೆ. ನಡುವೆ ಹಂಚಿನ ಮಾಡಿನ ಉಪ್ಪರಿಗೆ ಮನೆ, ಹಿಂದೆ ಅಡುಗೆ ಕೊಟ್ಟಿಗೆ, ಬಾವಿ. ಕೋಲಿನ ಲೆಕ್ಕದಲ್ಲಿ ಉದ್ದಗಲವೂ ಇತ್ತು. ನಮಗೆ ಬೇಕಾದದ್ದೆಲ್ಲ ಆ ಒಂದು ಪುಟದಲ್ಲಿ ಇತ್ತು.

ಆದರೆ ಆ ಆಧಾರದಲ್ಲಿದ್ದದ್ದು ಹಳೆ ಸರ್ವೆ ನಂಬರ್, ಈಗಿನದ್ದು ರೀಸರ್ವೆ ನಂಬರ್. ಎರಡೂ ಒಂದೇ ಜಾಗ ಅಂತ ತಾಲೂಕು ಕಚೇರಿಯಿಂದ ಕಾಗದ ಬೇಕು. ವಿಲೇಜ್ ಆಫೀಸಿನಿಂದ ಕೈವಶದ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್, ಆ ವರ್ಷದ ತೀರ್ವೆ ರಶೀದಿ. ಇವೆಲ್ಲ ಅಕ್ಷಯ ಸೆಂಟರಿನಲ್ಲಿ ಅರ್ಜಿ ಹಾಕಿದರೆ ಆಗುತ್ತದೆ, ಹೆಚ್ಚು ಹೇಳಲು ಏನಿಲ್ಲ. ತಡವಾದದ್ದು ಆಧಾರವನ್ನು ಓದುವ ವಿಷಯದಲ್ಲಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕಿಂತ ಹಿಂದಿನ ನಮ್ಮ ಕಡೆಯ ಕಾಗದಗಳು ಹೆಚ್ಚಿನವು ಕನ್ನಡದಲ್ಲಿವೆ. ಕಡತ ನೋಡುವವರು ತೆಂಕಣದ ಜಿಲ್ಲೆಯಿಂದ ಬಂದವರಾದರೆ ಅವರು ಏನು ಮಾಡಬೇಕು? ನೋಟರಿ ಸಹಿಯ ಮಲಯಾಳಂ ಅನುವಾದ ತನ್ನಿ ಅಂದರು, ತಂದೆವು. ಜೊತೆಗೆ ನಾನು ವಿವರಣೆ ಪತ್ರವನ್ನು ಕನ್ನಡದಲ್ಲೇ ಬರೆದು ಕೊಟ್ಟೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡ ಮತ್ತು ತಮಿಳಿನವರು ಸ್ಥಳೀಯ ಸರಕಾರಿ ಕಚೇರಿಗಳ ಜೊತೆ ಅವರವರ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು ಅಂತ ಇದೆ. ಈ ಹಕ್ಕನ್ನು ನಾವು ಬಳಸದಿದ್ದರೆ ಕಚೇರಿಗೆ ಕನ್ನಡ ಓದುವವರು ಬೇಕು ಅನ್ನುವ ಲೆಕ್ಕವೇ ಇಲ್ಲವಾಗುತ್ತದೆ. ದಯವಿಟ್ಟು ಬಳಸಿ. ಹಳೆ ಮನೆಗಳಿಗೆ ಸಾಕ್ಷಿ ಹೇಳುವ ಕಾಗದ ಕನ್ನಡದಲ್ಲಿದೆ. ಅದನ್ನು ಓದುವವರು ಇಲ್ಲದೆ ಹೋದರೆ ಮನೆಗೂ ಸಾಕ್ಷಿ ಇಲ್ಲ.

ಎಂಜಿನಿಯರ್ ಇನ್ನೊಂದು ಸಾಕ್ಷಿ ಹುಡುಕಲು ಮಾಡು ಹತ್ತಿದರು. ಹಂಚು ತಿರುಗಿಸಿ ನೋಡಿದರೆ ಕೆಲವದರಲ್ಲಿ ಬಾಸೆಲ್ ಮಿಶನ್ (ಸ್ವಿಸ್-ಜರ್ಮನ್ ಕ್ರೈಸ್ತ ಸಂಸ್ಥೆ) ಮುದ್ರೆ, 1865 ಅಂತ ಇದೆ. ಕೆಲವದರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಮುದ್ರೆ. 1865 ನೋಡಿ ಮನೆಯೇ ಆ ವರ್ಷದ್ದು ಅಂತ ಹೇಳುವವರಿದ್ದಾರೆ. ಅದು ಮಂಗಳೂರಿನಲ್ಲಿ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಎರಡು ಮುದ್ರೆ ಯಾಕೆ ಅಂದರೆ ಅದೂ ರಾಜಕೀಯವೇ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಮಿಶನ್ನಿನ ಉದ್ಯಮವನ್ನು ಶತ್ರು ಆಸ್ತಿಯ ಲೆಕ್ಕದಲ್ಲಿ ವಶ ಮಾಡಿತು, ಯುದ್ಧ ಮುಗಿದ ಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋಯಿತು. ಯುರೋಪಿನ ಯುದ್ಧದ ಗುರುತು ನಮ್ಮ ಮಾಡಿನಲ್ಲಿ ಇದೆ. ಅಡುಗೆಮನೆಯ ಒಡೆದ ಹಂಚುಗಳಲ್ಲೂ ಆ ಎರಡನೇ ಮುದ್ರೆ ಇತ್ತು. ಅವನ್ನು ಫೋಟೊ ತೆಗೆದು ಅರ್ಜಿಗೆ ಸೇರಿಸಿದೆವು. ಹಂಚೊಂದೇ ಇದ್ದರೆ ಏನೂ ಆಗುತ್ತಿರಲಿಲ್ಲ, ಆಧಾರದ ಜೊತೆ ಅದಕ್ಕೆ ಬೆಲೆ ಬಂತು.

ಈಗ ನಡುವಿನ ಕಾನೂನು. ಪ್ಲಾನ್ ಬರೆಯುವಾಗ ಎಂಜಿನಿಯರ್ ಕೇಳಿದರು, ಗೋದಾಮಿನ ನಟ್ಟನಡುವೆ ಈ ಗೋಡೆ ಯಾಕೆ? ತೊಲೆಗೆ ಆಧಾರವಲ್ಲ, ಬೆಳಕಿಗೆ ಅಡ್ಡ, ಗಾಳಿಗೂ ಅಡ್ಡ. ದೊಡ್ಡಮಾವ ಹೇಳಿದರು, ಅದು ಪಾಲಿನ ಗೋಡೆ. ನಮ್ಮದು ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ, ಕುಟುಂಬ. ಮೊದಲು ಆಸ್ತಿ ಇಡೀ ಕುಟುಂಬದ್ದು, ಯಜಮಾನ ನೋಡಿಕೊಳ್ಳುವುದು, ಬೇಕು ಅಂದವರಿಗೆ ಸುಮ್ನೆ ಪಾಲು ಸಿಗುತ್ತಿರಲಿಲ್ಲ. ಅದಕ್ಕೇ ದೊಡ್ಡ ಗೋದಾಮು, ಒಂದೇ ಅಡುಗೆಮನೆ, ಉದ್ದದ ಚಾವಡಿ. 1949ರಲ್ಲಿ ಮದ್ರಾಸ್ ಸರಕಾರ ಅಳಿಯಸಂತಾನ ಕಾಯ್ದೆ ಮಾಡಿ ಕವರುಗಳಿಗೆ, ಅಂದರೆ ಕುಟುಂಬದ ಹೆಣ್ಣು ಸಂತತಿಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಕೆಲವು ವರ್ಷಗಳಲ್ಲಿ ಅಜ್ಜಿಯ ಕವರು ಮತ್ತು ಅವರ ತಂಗಿಯ ಕವರು ಬೇರೆಯಾದವು. ಗೋದಾಮಿನ ನಡುವೆ ಗೋಡೆ ಎದ್ದಿತು, ಉಪ್ಪರಿಗೆಗೆ ಎರಡನೇ ಏಣಿ ಬಂತು. ಆ ಕಡೆಯವರು ಕಾಲಕ್ರಮದಲ್ಲಿ ಮುಂಬೈ ಸೇರಿದರು. ಕೇರಳದಲ್ಲಿ 1976ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಕಾಯ್ದೆ ಅವಿಭಕ್ತ ಕುಟುಂಬದ ಪದ್ಧತಿಯನ್ನೇ ತೆಗೆದು ಹಾಕಿತು. ಹಾಗಾಗಿ ಅವರ ಪಾಲಿನಲ್ಲಿ ಈಗ ಒಬ್ಬೊಬ್ಬರಿಗೂ ಬೇರೆ ಬೇರೆ ಹಕ್ಕು. ಒಬ್ಬೊಬ್ಬರ ಸಹಿಯೂ ಬೇಕು.

ಈ ಇಡೀ ಕೆಲಸದಲ್ಲಿ ನನಗೆ ಅತಿ ಕಷ್ಟ ಅನಿಸಿದ್ದು ಇದೇ. ಫೋನ್ ಮಾಡಿ ನಾನು ಯಾರು ಅಂತ ಪರಿಚಯ ಹೇಳಬೇಕು, ಮನೆ ಮಾರುತ್ತಿಲ್ಲ ಅಂತ ನಂಬಿಸಬೇಕು. ಒಬ್ಬ ಅತ್ತೆ ಮಾತ್ರ, "ನೀನು ಅದನ್ನು ಒಡೆಯುವುದಿಲ್ಲ ಅಂತಾದರೆ ನಾನು ಯಾವ ಕಾಗದಕ್ಕೂ ಸಹಿ ಹಾಕುತ್ತೇನೆ ಮಗಾ" ಅಂದರು. ಆ ಮಾತು ಕೇಳಿದ ಮೇಲೆ ಉಳಿದವರೂ ಒಬ್ಬೊಬ್ಬರೇ ಒಪ್ಪಿದರು. ಬಿಡುಗಡೆ ಪತ್ರ ನೋಂದಣಿಯಾಯಿತು. ಪಾಲಿನ ಗೋಡೆಯಲ್ಲಿ ಈಗ ಒಂದು ಬಾಗಿಲು ತೆಗೆದಿದ್ದೇವೆ. ಗೋಡೆಯನ್ನು ಪೂರ್ತಿ ತೆಗೆಯಬಹುದಿತ್ತು. ದೊಡ್ಡಮಾವ ಬೇಡ ಅಂದರು, ನಮಗೂ ಅದೇ ಸರಿ ಅನಿಸಿತು.

ಆಡಳಿತ ಬದಲಾದ ಹಾಗೆ ಪೇಟೆಯ ರೂಪವೂ ಬದಲಾಗುತ್ತದೆ ಅನ್ನುವುದಕ್ಕೆ ಕೊಚ್ಚಿಯ ವಿಷಯ ಎಂಜಿನಿಯರ್ ಆಗಾಗ ಹೇಳುತ್ತಿದ್ದರು. 1663ರಲ್ಲಿ ಡಚ್ಚರು ಪೋರ್ಚುಗೀಸರಿಂದ ಕೊಚ್ಚಿ ಹಿಡಿದರು, 1795ರಲ್ಲಿ ಬ್ರಿಟಿಷರು ಡಚ್ಚರಿಂದ ತೆಗೆದುಕೊಂಡರು, 1806ರಲ್ಲಿ ಕೋಟೆಯನ್ನೇ ಒಡೆದು ಹಾಕಿದರು. ಆಮೇಲೆ ಫೋರ್ಟ್ ಕೊಚ್ಚಿ ಬ್ರಿಟಿಷ್ ಆಡಳಿತದ ಪುರಸಭೆ, ಅದಕ್ಕೆ ತಾಗಿಯೇ ಇರುವ ಮಟ್ಟಾಂಚೇರಿ ಕೊಚ್ಚಿ ರಾಜರ ಸೀಮೆ. ನಡೆದು ಹೋಗುವಷ್ಟು ದೂರದಲ್ಲಿ ಎರಡು ಸರಕಾರ. ಒಂದು ಕಡೆ ಮೈದಾನ, ಅಗಲ ರಸ್ತೆ, ಬಂಗ್ಲೆ. ಇನ್ನೊಂದು ಕಡೆ ಒತ್ತೊತ್ತಾಗಿ ಮಳಿಗೆ, ಗೋದಾಮು. ಎರಡೂ ಒಂದೇ ನಗರಪಾಲಿಕೆ ಆದದ್ದು 1967ರಲ್ಲಿ. ನಮ್ಮದು ಅಷ್ಟು ದೊಡ್ಡ ಊರಲ್ಲ. ಆದರೆ ಕುಂಬಳೆ ಸೀಮೆಯಿಂದ ಮಾಲ್ಡೀವ್ಸ್‌ಗೆ ಅಕ್ಕಿ ಹೋಗಿ, ಅಲ್ಲಿಂದ ತೆಂಗಿನ ನಾರು ಬರುತ್ತಿತ್ತು ಅಂತ 1514ರಲ್ಲೇ ಪೋರ್ಚುಗೀಸ್ ಪ್ರವಾಸಿ ಬಾರ್ಬೋಸಾ ಬರೆದಿದ್ದಾನೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ನಮ್ಮ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಸರಕಾರಕ್ಕೆ ಸೇರಿತು. 1907ರಲ್ಲಿ ರೈಲು ಮಂಗಳೂರು ಮುಟ್ಟಿತು. ಅದಾದ ಮೇಲೆ ಸರಕು ನಿಧಾನಕ್ಕೆ ಹೊಳೆ ಬಿಟ್ಟು ಸ್ಟೇಷನ್ ಕಡೆ ತಿರುಗಿತು. ನಮ್ಮ ಪೇಟೆಯಲ್ಲಿ ಹೊಳೆ ಕಡೆಯ ಬಾಗಿಲುಗಳು ಚಿಕ್ಕದಾಗುತ್ತಾ, ರಸ್ತೆ ಕಡೆಯವು ದೊಡ್ಡದಾಗುತ್ತಾ ಬಂದದ್ದು ಹಾಗೆ.

ಕಡತ ಕೊನೆಗೆ ಹೇಗೆ ಮುಂದೆ ಹೋಯಿತು? 2019ರ ಕರಾವಳಿ ನಿಯಮದಲ್ಲಿ ಹೊಳೆ ಬದಿಯ 100 ಮೀಟರ್ 50ಕ್ಕೆ ಇಳಿದಿತ್ತು. ಆದರೆ ರಾಜ್ಯದ ಹೊಸ ನಕ್ಷೆಗೆ ಕೇಂದ್ರದ ಒಪ್ಪಿಗೆ ಸಿಗುವ ತನಕ ಹಳೆ ನಿಯಮವೇ ನಡೆಯುವುದು. ಕೇರಳದ ನಕ್ಷೆಗೆ ಒಪ್ಪಿಗೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಅದು ಬಂದ ಮೇಲೆ ಎಂಜಿನಿಯರ್ ಅಳೆದು ತೋರಿಸಿದರು, ಗೆರೆ ನಮ್ಮ ಬಾವಿಯ ಆಚೆಗೇ ನಿಲ್ಲುತ್ತದೆ. ಅಡುಗೆಮನೆ ಹೊರಗೆ. ಇನ್ನು ಉಳಿದದ್ದು ಪಕ್ಕದ ಗಡಿ. ಹಳೆ ಅಡುಗೆಮನೆಯ ಗೋಡೆ ನೆರೆಮನೆಯ ಗಡಿಗೆ ತಾಗಿಯೇ ಇತ್ತು. ನೆರೆಯವರ ಒಪ್ಪಿಗೆ ಪತ್ರ ಬೇಕಾಯಿತು. ಪಕ್ಕದ ಮನೆಯ ಇಚ್ಚ ಆ ಸಂಜೆಯೇ ಸಹಿ ಹಾಕಿ ಕೊಟ್ಟರು. ಹಳೆ ಆಧಾರದ ಅಳತೆ, ಹಂಚಿನ ಫೋಟೊ ಎಲ್ಲ ಕೊನೆಗೂ ಉಪಯೋಗಕ್ಕೆ ಬಂದವು. ಇದ್ದ ಪಂಚಾಂಗದ ಮೇಲೆಯೇ ಕಟ್ಟುತ್ತಿದ್ದೇವೆ ಅಂತ ತೋರಿಸಲು ಅವೇ ಸಾಕ್ಷಿ. ಪರವಾನಗಿ ಬಂತು.

ಒಂದು ವಿಷಯ ನನ್ನ ಮನಸ್ಸಿನಲ್ಲಿ ಉಳಿದಿದೆ. ಬೇಕಲ ಕೋಟೆ ಕೇಂದ್ರದ ಸಂರಕ್ಷಿತ ಸ್ಮಾರಕ. ಅದರ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನು 200 ಮೀಟರ್ ನಿಯಂತ್ರಿತ. ಕೋಟೆಗೆ ಅಷ್ಟು ರಕ್ಷಣೆ ಬೇಕು, ಸರಿ. ಆದರೆ ಬಂದರು ಪೇಟೆಯ ಮನೆಗೆ ಏನೂ ಇಲ್ಲ. ಕೆಡವಿದರೆ ಯಾರೂ ಕೇಳುವುದಿಲ್ಲ, ಉಳಿಸುತ್ತೇನೆ ಅಂದರೆ ಪ್ರತಿ ಮೇಜಿನಲ್ಲೂ ಪ್ರಶ್ನೆ. ತಲಪಾಡಿಯಿಂದ ಚೆಂಗಳ ತನಕ ಹೆದ್ದಾರಿ 45 ಮೀಟರ್ ಅಗಲವಾದಾಗ ರಸ್ತೆ ಬದಿಯ ಹಳೆ ಕಟ್ಟಡಗಳು ಹೋದವು, ಅವುಗಳ ಒಂದು ಫೋಟೊ ಕೂಡ ಎಷ್ಟೋ ಜನರ ಹತ್ತಿರ ಇಲ್ಲ. ನಾವು ಪೇಟೆಯ ಕೆಲವು ಮನೆಯವರು ಸೇರಿ ಗ್ರಾಮಸಭೆಯಲ್ಲಿ ಒಂದು ಅರ್ಜಿ ಕೊಟ್ಟಿದ್ದೇವೆ, ಕನ್ನಡದಲ್ಲಿ. ರಸ್ತೆಗೆ ತಾಗಿದ ಹಳೆ ಮನೆಗಳನ್ನು ಈಗ ಇರುವ ಹಾಗೆಯೇ ಅಳೆದು, ಫೋಟೊ ಸಹಿತ ಪಂಚಾಯತ್ ದಾಖಲೆಗೆ ಸೇರಿಸಿ, ನಾಳೆ ಗೋಡೆ ಬಿದ್ದರೆ ಅದೇ ಜಾಗದಲ್ಲಿ ಎತ್ತಿ ಕಟ್ಟಲು ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಿ ಅಂತ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಅದು ಬರುವ ತನಕ, ನಿಮ್ಮದೂ ಇಂಥ ಮನೆಯಾದರೆ, ಗೋಡೆ ಬೀಳುವ ಮೊದಲೇ ಕೆಲಸ ಶುರು ಮಾಡಿ. ಹಳೆ ಆಧಾರ, ಹಳೆ ಮನೆ ತೆರಿಗೆ ರಶೀದಿ, ಕರೆಂಟಿನ ಮೊದಲ ಬಿಲ್ಲು, ಮನೆ ಹಿನ್ನೆಲೆಯಲ್ಲಿ ಕಾಣುವ ಮದುವೆ ಫೋಟೊ, ಎಲ್ಲವನ್ನೂ ಒಂದು ಕಡೆ ಸೇರಿಸಿಡಿ. ನಾಲ್ಕು ಬದಿಯಿಂದ ಟೇಪ್ ಹಿಡಿದು ಫೋಟೊ ತೆಗೆಯಿರಿ. ಹಿರಿಯರು ಇರುವಾಗಲೇ ಪಾಲಿನ ಲೆಕ್ಕ ಕೇಳಿ ಬರೆದಿಡಿ. ಮುರಕಲ್ಲಿನ ಗೋಡೆಯನ್ನು ಗಜ ಗಜವಾಗಿ ಬಿಡಿಸಿ ಕಟ್ಟಲು ಬರುವ ಮೇಸ್ತ್ರಿಗಳು ನಮ್ಮ ಕಡೆ ಈಗ ಕೆಲವರೇ. ನಮ್ಮ ಮೇಸ್ತ್ರಿ ನಮ್ಮ ಕೆಲಸ ಮುಗಿಸಿ ಅದೇ ಬೀದಿಯ ಇನ್ನೊಂದು ಮನೆಗೆ ಹೋಗುತ್ತಿದ್ದಾರೆ.